ಮೂರು ಮೂಲೆಯ ದಂಟು

ಗಾಜಿನ ಮನೆಯ ಮಾಡಿಗೆ ಬಿಸಿಲು ಇನ್ನೂ ತಾಗಿಲ್ಲ. ಕುಂಡಗಳ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತ ಬ್ಲೇಡಕ್ಕ ಹುಲ್ಲಿನ ಒಂದೊಂದೇ ಗರಿಯನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ಬಲಿತದ್ದು ಬೇಡ, ಬಾಡಿದ್ದು ಬೇಡ. ಮೊನ್ನೆ ಮೊನ್ನೆ ಸುಳಿ ಬಿಚ್ಚಿದ ಎಲೆಯೇ ಬೇಕು.

"ಏನಕ್ಕಾ, ಅಳಿಯನ್ನ ಆರಿಸೋ ಹಾಗೆ ಆರಿಸ್ತೀರಲ್ಲ!" ನೀರು ಹಾಯಿಸುತ್ತಿದ್ದ ಮಾಲಿ ಕೆಣಕುತ್ತಾನೆ.

"ನಮ್ಮಪ್ಪ ಇಷ್ಟು ಹುಷಾರಾಗಿ ಆರಿಸಿದ್ರೆ ನಾನ್ಯಾಕೋ ಹುಲ್ಲಿನ ಮುಂದೆ ಕೂತಿರ್ತಿದ್ದೆ?"

ಕಿತ್ತ ಎಲೆ ಒದ್ದೆ ಕಾಗದದಲ್ಲಿ ಮಲಗುತ್ತದೆ. ಬೆಳಿಗ್ಗೆ ಎಂಟರೊಳಗೆ ಅದು ಪ್ರಯೋಗಾಲಯದ ಮೇಜಿಗೆ ಬರಬೇಕು. ಗಾಜಿನ ತಟ್ಟೆಯಲ್ಲಿ ಎರಡು ಎಲೆ: ಒಂದು ಅಳೆಯಬೇಕಾದದ್ದು, ಇನ್ನೊಂದು ಅಳತೆ ಮೊದಲೇ ಗೊತ್ತಿರುವ ಬಟಾಣಿಯದು. ತಕ್ಕಡಿಗೆ ತೂಕದ ಕಲ್ಲಿದ್ದ ಹಾಗೆ ಈ ಬಟಾಣಿ. ಮೇಲೆ ಮಂಜಿನಷ್ಟು ತಣ್ಣಗಿನ ದ್ರಾವಣದ ನಾಲ್ಕು ಹನಿ. ಆಮೇಲೆ ಬ್ಲೇಡು. ಟಕಟಕ ಸದ್ದು ಅರ್ಧ ನಿಮಿಷ ಕೇಳಿ ನಿಲ್ಲುತ್ತದೆ.

"ಕೈ ಬಿಗಿಯಾದ್ರೆ ಒಳಗಿನ ಕಣ ಒಡೆದು ಹೋಗತ್ತೆ. ಸಡಿಲಾದ್ರೆ ಹೊರಗೇ ಬರಲ್ಲ. ಮಗು ಉಗುರು ಕತ್ತರಿಸೋ ಹಾಗೆ ಅಂದ್ಕೊಳ್ಳಿ," ಎನ್ನುತ್ತಾರೆ. ಕಣವೆಂದರೆ ಕೋಶಕೇಂದ್ರ. ಡಿಎನ್‌ಎ ಇರುವುದು ಅದರೊಳಗೆ.

ಆ ಡಿಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಯಾವ ಜೋಡಿಯ ಪಾಲು ಎಷ್ಟು ಎಂಬುದು ಗಿಡದಿಂದ ಗಿಡಕ್ಕೆ ಬೇರೆ. ಹೆಚ್ಚಿದ ಎಲೆಯ ರಸಕ್ಕೆ ಎರಡು ಬಣ್ಣ ಹಾಕುತ್ತಾರೆ. ಒಂದು ಎಲ್ಲ ಜೋಡಿಗೂ ಅಂಟುತ್ತದೆ, ಇನ್ನೊಂದಕ್ಕೆ ಎ-ಟಿ ಜೋಡಿಯ ಮೇಲೇ ಮೋಹ. ಎರಡರ ಬೆಳಕನ್ನೂ ಹೋಲಿಸಿ ಯಂತ್ರ ಜಿ-ಸಿ ಪಾಲನ್ನು ಲೆಕ್ಕ ಹಾಕುತ್ತದೆ. ಚಳಿಯನ್ನೂ ಒಣಹವೆಯನ್ನೂ ತಾಳಿಕೊಂಡ ಹುಲ್ಲುಗಳಲ್ಲಿ ಈ ಪಾಲು ಜಾಸ್ತಿ ಕಾಣುತ್ತದಂತೆ. ಯಾಕೆ ಹಾಗೆ ಎಂದು ಓದಿದವರು ಇನ್ನೂ ವಾದ ಮಾಡುತ್ತಿದ್ದಾರೆ. ಮಾಡಲಿ. ಎಲೆ ಹೆಚ್ಚುವುದಕ್ಕೆ ಒಬ್ಬರು ಬೇಕಲ್ಲ!

ಬ್ಲೇಡಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನೆಲ ಒರೆಸಲು ಇಲ್ಲಿಗೆ ಸೇರಿದರು. ಒಂದು ದಿನ ವಿದ್ಯಾರ್ಥಿಯೊಬ್ಬ ಬೆರಳು ಕೊಯ್ದುಕೊಂಡಾಗ ದೊಡ್ಡ ಮೇಡಂ, "ನೀವು ಸೊಪ್ಪು ಹೆಚ್ತೀರಲ್ಲ, ಸ್ವಲ್ಪ ಹಿಡೀರಿ," ಎಂದು ಬ್ಲೇಡು ಕೊಟ್ಟರು. ಅಂದಿನ ಅಳತೆ ಕನ್ನಡಿಯಷ್ಟು ಸ್ವಚ್ಛವಾಗಿ ಬಂತು. ಅದಕ್ಕೆ ಈಗ ಹನ್ನೊಂದು ವರ್ಷ. ದಿನಕ್ಕೆ ಹನ್ನೆರಡು ತಟ್ಟೆ, ತಟ್ಟೆಗೊಂದು ಹೊಸ ಬ್ಲೇಡು. ಒಟ್ಟು ಮೂವತ್ತು ಸಾವಿರ ದಾಟಿದೆ. ತಣ್ಣನೆಯ ತಟ್ಟೆ ಹಿಡಿದು ಹಿಡಿದು ಎಡಗೈಯ ಎರಡು ಬೆರಳು ಮರಗಟ್ಟಿವೆ. ಹುದ್ದೆಯ ಕಾಗದದಲ್ಲಿ ಮಾತ್ರ ಇವತ್ತಿಗೂ 'ನೆಲ ಒರೆಸುವವರು'. ಹನ್ನೊಂದು ವರ್ಷವಾದರೂ ಆ ಕಾಗದಕ್ಕೆ ಕಣ್ಣು ಬಂದಿಲ್ಲ.

ಮನೆಯಲ್ಲಿ ನಾದಿನಿಯ ಬಾಯಿ ಬೇರೆ. "ಅಲ್ಲಿ ದಿನವಿಡೀ ಹುಲ್ಲು ಹೆಚ್ತೀಯ, ಇಲ್ಲಿ ಈರುಳ್ಳಿ ಅಂದ್ರೆ ಕೈನೋವು!"

"ಈರುಳ್ಳಿಗೆ ಯಂತ್ರ ಇಟ್ಟು ನೋಡೋರಿಲ್ವಲ್ಲ, ನೀನೇ ಹೆಚ್ಚು."

ಹೋದ ತಿಂಗಳು ಈ ಮೇಜೇ ಕೈತಪ್ಪುವುದರಲ್ಲಿತ್ತು. ಎತ್ತರದ ಬೆಟ್ಟದಿಂದ ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಬಂದ ಹುಲ್ಲೊಂದರ ಜಿ-ಸಿ ಪಾಲು ನೂರಕ್ಕೆ ಮೂವತ್ತಾರು ಎಂದು ಬಂತು. ಅದರ ನೆಂಟರೆಲ್ಲ ನಲವತ್ತನಾಲ್ಕರ ಮೇಲೆ. ಚಳಿಯ ಹುಲ್ಲು ಹೀಗೆ ಇಳಿಯುವುದುಂಟೆ? ಯಂತ್ರ ನೋಡಿಕೊಳ್ಳುವ ಕಿರಿಯ ಸರ್ ನೇರವಾಗಿ ಮೇಜಿಗೆ ಬಂದರು.

"ಅಕ್ಕಾ, ಬ್ಲೇಡ್ ಬದಲಾಯಿಸದೆ ಹಾಗೇ ಹೆಚ್ಚಿದ್ದೀರಿ. ಹಿಂದಿನ ಎಲೆ ಇದಕ್ಕೆ ಬೆರೆತಿದೆ. ನೀವು ಹೆಚ್ಚಿರೋ ಈ ಋತುವಿನ ಇನ್ನೂರಹದಿನಾಲ್ಕು ಪೊಟ್ಟಣಾನೂ ಎಸೀಬೇಕು. ಸೋಮವಾರದಿಂದ ಇಲ್ಲಿ ವಿದ್ಯಾರ್ಥಿ ಕೂರ್ತಾನೆ."

ಅಂದರೆ ಅಕ್ಕನಿಗೆ ಮತ್ತೆ ಪೊರಕೆ. ಯಂತ್ರ ತಪ್ಪಿರಬಹುದು, ಚೀಟಿ ತಪ್ಪಿರಬಹುದು. ಮೊದಲು ಬೆರಳು ತಿರುಗಿದ್ದು ಮಾತ್ರ ಏಳನೇ ಕ್ಲಾಸಿನ ಕಡೆಗೆ.

ಅಕ್ಕ ವಾದಕ್ಕೆ ಹೋಗಲಿಲ್ಲ. ಅವರದೊಂದು ಪದ್ಧತಿಯಿದೆ: ಹೆಚ್ಚಿದ ಮೇಲೆ ಪೊಟ್ಟಣದಲ್ಲಿ ಉಳಿದ ಎಲೆ, ದಂಟನ್ನು ಎಸೆಯುವುದಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿ, ಅಳತೆ ಖಾತ್ರಿಯಾಗುವವರೆಗೂ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡುತ್ತಾರೆ. "ಊಟ ಮುಗಿಯೋ ಮುಂಚೆ ಪಾತ್ರೆ ತೊಳೀಬಾರ್ದು" ಎಂಬುದು ಅವರ ನ್ಯಾಯ. ಆ ದಂಟನ್ನು ತಂದು ಸರ್ ಕೈಗಿಟ್ಟರು.

"ಎರಡು ಬೆರಳ ನಡುವೆ ಹಿಡಿದು ಹೊರಳಿಸಿ ಸರ್. ಉರುಳ್ತಿದೆಯಾ?"

"ಇಲ್ಲ... ತಡೀತಿದೆ."

"ಹುಲ್ಲಿನ ದಂಟು ದುಂಡಗಿರತ್ತೆ. ಇದಕ್ಕೆ ಮೂರು ಮೂಲೆ. ಇದು ಜೊಂಡು ಸರ್, ಹುಲ್ಲಲ್ಲ."

ದೊಡ್ಡ ಮೇಡಂ ಭೂತಗನ್ನಡಿ ಹಿಡಿದು ಬಂದರು. ಹೌದು, ಜೊಂಡು; ನೋಡಲು ಹುಲ್ಲಿನಂತೆ, ಕುಲ ಬೇರೆ. ಹೂವಿಲ್ಲದ ಗಿಡ ನೋಡಿ ಬೆಟ್ಟಕ್ಕೆ ಹೋದವರು ಹುಲ್ಲೆಂದು ಚೀಟಿ ಅಂಟಿಸಿದ್ದರು. ಜೊಂಡಿನ ಕುಲದಲ್ಲಿ ಜಿ-ಸಿ ಪಾಲು ಕಡಿಮೆಯೇ. ಕುಲದ ಗುಣವನ್ನು ಬೆಟ್ಟದ ಚಳಿ ಅಳಿಸಿರಲಿಲ್ಲ. ಮರುದಿನ ಎಲ್ಲರೆದುರು ಅಕ್ಕ ಹೊಸ ಬ್ಲೇಡಿನಲ್ಲಿ ಅದರ ಎಲೆಯನ್ನು ಇನ್ನೊಮ್ಮೆ ಹೆಚ್ಚಿದರು. ಮತ್ತೆ ಮೂವತ್ತಾರು. ಇನ್ನೂರಹದಿನಾಲ್ಕು ಪೊಟ್ಟಣಗಳೂ ಉಳಿದವು, ಮೇಜೂ ಉಳಿಯಿತು.

ಸಂಜೆ ಕಿರಿಯ ಸರ್ ಹೊಸ ಬ್ಲೇಡಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಹೋದರು. "ಅದೇ ಕ್ಷಮೆ ಅಂದ್ಕೊಂಡೆ," ಎಂದು ಅಕ್ಕ ನಗುತ್ತಾರೆ. ಮರುಗಳಿಗೆಗೆ ಆ ನಗು ಇಳಿಯುತ್ತದೆ. "ಹೆಚ್ಚೋ ದಿನಾನೇ ಮೂಲೆ ಕೈಗೆ ತಾಗಿತ್ತು. ಚೀಟಿ ಬರೆದೋರು ಓದಿದೋರು, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಾದೆ. ಅದು ನನ್ನ ತಪ್ಪು."

ಈ ಕೆಲಸದಿಂದ ಹುಟ್ಟಿದ ಲೇಖನಗಳು ಒಂಬತ್ತು. ಅವುಗಳಲ್ಲಿ ಯಂತ್ರದ ಹೆಸರಿದೆ, ಬಣ್ಣದ ಹೆಸರಿದೆ, ಬ್ಲೇಡು ಮಾಡಿದ ಕಂಪನಿಯ ಹೆಸರೂ ಇದೆ. ಬ್ಲೇಡು ಹಿಡಿದ ಕೈಯದು ಒಂದರಲ್ಲೂ ಇಲ್ಲ.

ಲೇಖನದಲ್ಲಿ ಹೆಸರು ಬೇಡವೇ ಎಂದರೆ ಅಕ್ಕ ಬೇಡವೆಂದು ತಲೆಯಾಡಿಸುತ್ತಾರೆ. ಪೊಟ್ಟಣದ ಮೇಲಿನ ಚೀಟಿಯನ್ನು ಮುಂದೆ ಸರಿಸಿ, ಗಿಡ, ಜಾಗ, ದಿನ, ತಂದವರು ಎಂಬ ನಾಲ್ಕು ಸಾಲುಗಳ ಕೆಳಗೆ, ಖಾಲಿ ಜಾಗದಲ್ಲಿ ಬೆರಳಿಡುತ್ತಾರೆ.

"ಇಲ್ಲಿ 'ಹೆಚ್ಚಿದವರು' ಅಂತ ಒಂದು ಸಾಲು ಹಾಕಿದ್ರೆ ಸಾಕು. ತಪ್ಪಾದಾಗ ಹೇಗೂ ನನ್ನ ಹತ್ರಾನೇ ಬರ್ತಾರೆ. ಸರಿಯಾದಾಗ್ಲೂ ದಾರಿ ಗೊತ್ತಿರ್ಲಿ."