ಸೋಡಾ ತೊಟ್ಟಿಯೂ ಏಳು ತಿಂಗಳ ಹೊಟ್ಟೆಯೂ

ಹಲಸೂರು ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಮಡಿವಾಳರ ಮನೆಗಳಲ್ಲಿ ಕೆಲಸವನ್ನು ಹಂಚಿದವರು ಯಾರೋ ಗೊತ್ತಿಲ್ಲ. ಅವರು ಬಸಿರು ಹೊತ್ತವರಲ್ಲ ಎನ್ನುವುದಂತೂ ಖಂಡಿತ. ಕಲ್ಲಿಗೆ ಬಡಿಯುವುದು, ಇಸ್ತ್ರಿ ಹಾಕುವುದು, ಬಂಗಲೆಗಳಿಗೆ ಗಂಟು ಒಯ್ಯುವುದು ಗಂಡಸರದು. ಒಗೆಯುವ ಸೋಡಾ ಕದಡಿದ ನೀರಿನ ತೊಟ್ಟಿಯಲ್ಲಿ ನೆನೆದ ಬಟ್ಟೆಯನ್ನು ಎತ್ತಿ, ಹೊಟ್ಟೆಗೆ ಅವುಚಿಕೊಂಡು ಕಲ್ಲಿನವರೆಗೆ ತರುವುದು ಸೊಸೆಯದು. ಆದಿಲಕ್ಷ್ಮಿ ಮದುವೆಯಾಗಿ ಬಂದ ವಾರದಿಂದ ಎತ್ತುತ್ತಿದ್ದಳು.

೧೯೪೪ರ ಬೇಸಿಗೆಯಲ್ಲಿ ಅವಳಿಗೆ ಏಳು ತಿಂಗಳು, ಎರಡನೆಯ ಬಸಿರು. ಯುದ್ಧದ ಕಾಲ, ಬ್ಯಾರಕ್ಕುಗಳಿಂದ ಖಾಕಿ ಬಟ್ಟೆ ಗಾಡಿಗಟ್ಟಲೆ ಬರುತ್ತಿತ್ತು, ಸಾಬೂನು ಸಿಗುತ್ತಿರಲಿಲ್ಲ. ಆ ಕೊರತೆಯನ್ನು ಸೋಡಾ ಸುರಿದು ತುಂಬುತ್ತಿದ್ದರು. ಬೆಳಿಗ್ಗೆ ಒದ್ದೆಯಾದ ಸೀರೆ ಒಣಗಾಳಿಗೆ ಹೊಟ್ಟೆಯ ಮೇಲೇ ಒಣಗಿ, ಮತ್ತೆ ನೆನೆದು, ಸಂಜೆಗೆ ಗೋಣಿಯಂತೆ ಒರಟಾಗುತ್ತಿತ್ತು. ಹೊಕ್ಕುಳಿನ ಕೆಳಗೆ ಕೆಂಪು ಗೀರುಗಳು ಎದ್ದಿದ್ದವು. ನವೆ ತಡೆಯದೆ ಕೆರೆದುಕೊಂಡರೆ ರಕ್ತ ಜಿನುಗುವುದು. ಅಲ್ಲಿಗೆ ಮಾರನೆಯ ದಿನ ಸೋಡಾ ತಾಗಿದರೆ ಕೆಂಡ ಇಟ್ಟ ಹಾಗೆ.

“ಉಗುರು ಕತ್ತರಿಸ್ಕೊ,” ಅಂದರು ಅತ್ತೆ ಪಿಳ್ಳಮ್ಮ. “ಆ ಪಾಟಿ ಕೆರ್ಕೊಂಡ್ರೆ ಗೀರು ಬೀಳ್ದೆ ಹೂ ಬಿಡ್ತದಾ?”

ಅವಳು ಕತ್ತರಿಸಿಕೊಂಡಳು. ಬೆರಳಿಗೆ ಬಟ್ಟೆ ಸುತ್ತಿಕೊಂಡೂ ನೋಡಿದಳು. ಗೀರು ನಿಲ್ಲಲಿಲ್ಲ, ಉರಿಯೂ ನಿಲ್ಲಲಿಲ್ಲ.

ಮರ್ಫಿ ಟೌನಿನ ಸೂಲಗಿತ್ತಿ ಇಮಾಮ್ ಬೀ ಮಗು ಹೇಗೆ ಮಲಗಿದೆ ಎಂದು ನೋಡಲು ಬಂದಾಗ ಆದಿಲಕ್ಷ್ಮಿ ಗೀರು ತೋರಿಸಿದಳು.

“ಅದು ಬಿಡು ಬೇಟಿ. ಹೊಟ್ಟೆ ಬೆಳೀತದೆ, ಚರ್ಮ ಹಿಗ್ತದೆ. ನಂದು ನೋಡಿದ್ರೆ ಹುಲಿ ಅಂತ ಓಡ್ತೀಯ.” ಆಮೇಲೆ ಸೀರೆಯ ಮುಂಭಾಗವನ್ನು ಬೆರಳಲ್ಲಿ ಉಜ್ಜಿ ಮೂಸಿದಳು. “ಮೊದಲ್ನೇದಕ್ಕೆ ಎಲ್ಲಿದ್ದೆ?”

“ತೌರಲ್ಲಿ, ಕೃಷ್ಣರಾಜಪುರದ ಹತ್ರ. ಗೀರು ಆವಾಗ್ಲೂ ಬಂದಿದ್ವು. ಉರಿ ಇರ್ಲಿಲ್ಲ.”

“ಅಲ್ಲಿ ಸೋಡಾ ತೊಟ್ಟಿ ಇತ್ತಾ?”

“ಇಲ್ಲ.”

“ಮತ್ತೆ? ಗೀರು ಹೊಟ್ಟೇದು, ಉರಿ ತೊಟ್ಟೀದು. ತಣ್ಣೀರಲ್ಲಿ ತೊಳ್ಕೊ, ಎಣ್ಣೆ ಹಚ್ಚು. ಆ ನೀರು ತಾಗಿಸ್ಬೇಡ.”

ಅಂದು ಸಂಜೆ ಆದಿಲಕ್ಷ್ಮಿ ಗಂಡ ಚಿನ್ನಪ್ಪನಿಗೆ ಹೇಳಿದಳು: “ನಾಳೆಯಿಂದ ನಾನು ಬಟ್ಟೆ ಹರವ್ತೀನಿ, ಮಡಿಸ್ತೀನಿ. ತೊಟ್ಟಿಗೆ ಕೈ ಹಾಕಲ್ಲ. ನೀವು ಎತ್ತಿ.”

“ಕೈ ಒಡೆದ್ರೆ ಇಸ್ತ್ರಿ ಹಿಡಿಯೋದು ಹೆಂಗೆ?”

“ನನ್ ಹೊಟ್ಟೆ ಒಡೆದೈತೆ. ನಾನು ಹೆರೋದು ಹೆಂಗೆ?”

ಮರುದಿನ ಅವಳು ಒಣ ಸೀರೆ ಉಟ್ಟು ಬಟ್ಟೆ ಹರವುವ ಬಯಲಲ್ಲಿ ಕೂತಳು. ತೊಟ್ಟಿ ತುಂಬಾ ಖಾಕಿ ನೆನೆಯುತ್ತಿತ್ತು. ಹೊತ್ತು ಮೀರಿದರೆ ಸೋಡಾ ನೂಲನ್ನೇ ತಿನ್ನುತ್ತದೆ. ಬ್ಯಾರಕ್ಕಿನ ಬಟ್ಟೆ ಒಗೆಯುವ ಕೆಲಸವೇ ಕೈತಪ್ಪುತ್ತದೆ. ತಪ್ಪಿದರೆ ಊರೆಲ್ಲ ಹೆಸರಿಡುವುದು ಅವಳಿಗೇ. ಇದೆಲ್ಲ ಅವಳಿಗೆ ಗೊತ್ತಿತ್ತು. ಎದ್ದು ಹೋಗುವಂತಾದಾಗಲೆಲ್ಲ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡಳು.

“ನಾನು ಐದು ಬಸ್ರು ಹೊತ್ತಿದ್ದು ಇದೇ ತೊಟ್ಟಿ ಪಕ್ದಲ್ಲಿ,” ಅಂದರು ಪಿಳ್ಳಮ್ಮ.

“ಗೊತ್ತು ಅತ್ತೆ. ನಿಮಗೆ ಉರೀಲಿಲ್ವಾ?”

ಪಿಳ್ಳಮ್ಮ ಬಟ್ಟೆ ಹಾಕುವ ಹಗ್ಗವನ್ನು ಬಿಗಿಯತೊಡಗಿದರು. ಅದು ಆಗಲೇ ಬಿಗಿಯಾಗಿತ್ತು.

ಹೊತ್ತು ನೆತ್ತಿಗೇರುವ ಮುಂಚೆ ಚಿನ್ನಪ್ಪ ಪಂಚೆ ಮೇಲೆ ಕಟ್ಟಿ ತೊಟ್ಟಿಯ ಬಳಿ ಹೋದ. ಎತ್ತಿದ, ಅವುಚಿಕೊಂಡ, ಹೊತ್ತ. ನಾಲ್ಕು ಗಂಟೆಗೆ ಅವನ ಹೊಟ್ಟೆ ಕೆಂಪಾಗಿತ್ತು, ಎರಡೂ ಕೈಯಲ್ಲಿ ಕೆರೆದುಕೊಳ್ಳುತ್ತಿದ್ದ.

“ಏನ್ ಚಿನ್ನಪ್ಪಾ, ನಿಂಗೆಷ್ಟು ತಿಂಗ್ಳು?” ಪಕ್ಕದ ಕಲ್ಲಿನಿಂದ ಮುನಿವೆಂಕಟಪ್ಪ ಕೂಗಿದ.

ಚಿನ್ನಪ್ಪ ನಗಲಿಲ್ಲ. ಬಂದು ಹೆಂಡತಿಯ ಪಕ್ಕ ಕುಕ್ಕರಿಸಿದ. “ಹೆರಿಗೆ ಆಗೋಗಂಟ ನಾನೇ ಎತ್ತೀನಿ.”

“ಆಮೇಲೆ?”

“ಆಮೇಲಿಂದು ಆಮೇಲೆ.”

“ಇಲ್ಲ, ಈಗ್ಲೇ ಹೇಳಿ. ಬಾಣಂತನ ಮುಗಿದ್ಮೇಲೆ ದಿನ ಬಿಟ್ಟು ದಿನ. ಒಂದಿನ ನಾನು, ಒಂದಿನ ನೀವು.”

ಅವನು ತಾಯಿಯ ಕಡೆ ನೋಡಿದ.

“ನನ್ನ ಯಾಕೋ ನೋಡ್ತೀಯ?” ಪಿಳ್ಳಮ್ಮ ತಿರುಗದೆಯೇ ಅಂದರು. “ಅವಳು ಕೇಳಿದ್ಕೆ ಹೇಳು.”

“ಹೂಂ,” ಅಂದ ಚಿನ್ನಪ್ಪ.

“ಗಟ್ಟಿಯಾಗಿ ಹೇಳಿ,” ಅಂದಳು ಆದಿಲಕ್ಷ್ಮಿ. “ಮುನಿವೆಂಕಟಪ್ಪಣ್ಣನಿಗೂ ಕೇಳ್ಲಿ.”