ಹಳ್ಳದ ಅಂಗಡಿ ಹೆಂಡ

1983ರಲ್ಲಿ ಸರ್ಕಾರ ನನಗೆ ಸಂಬಳ ಕೊಟ್ಟು ಹೆಂಡ ಕುಡಿಸ್ತಿತ್ತು. ಸುಳ್ಳಲ್ಲ, ಆರ್ಡರ್ ಕಾಪಿ ಇನ್ನೂ ಟ್ರಂಕಲ್ಲಿದೆ. ಹುದ್ದೆ ಫೀಲ್ಡ್ ಅಸಿಸ್ಟೆಂಟ್, ತಾತ್ಕಾಲಿಕ. ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ನನ್ನನ್ನ ತಿಪಟೂರಿಗೆ ಹಾಕಿದ್ರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಲ್ಲಿ ನಮ್ಮ ಲೆಕ್ಕಕ್ಕೆ ಬರ್ತಿದ್ದ ಇಪ್ಪತ್ತನಾಲ್ಕು ಹೆಂಡದ ಅಂಗಡಿ ಸುತ್ತಬೇಕು, ಬಾಟಲಿಗೆ ಸ್ಯಾಂಪಲ್ ತುಂಬಬೇಕು, ಒಂದು ಗುಟುಕು ರುಚಿ ನೋಡಿ ಬುಕ್ಕಲ್ಲಿ ಬರೀಬೇಕು, ಬಾಟಲಿ ಬೆಂಗಳೂರಿಗೆ ಮುಟ್ಟಿಸಬೇಕು. ಇಂಥ ಅನುಭವ ಬರೆಯೋರು ಸಾಮಾನ್ಯವಾಗಿ ರಿಟೈರಾದ ದೊಡ್ಡೋರು. ನನಗಿನ್ನೂ ಮೂವತ್ತು ತುಂಬಿಲ್ಲ. ಆದ್ರೆ ತಪ್ಪು ಮಾಡಿದ್ದರಲ್ಲಿ ಸೀನಿಯಾರಿಟಿ ನೋಡೋದಾದ್ರೆ ನಾನು ಈಗಾಗಲೇ ಎರಡು ಸಲ ರಿಟೈರ್ ಆಗಿರಬೇಕಿತ್ತು.

ನಮ್ಮದು ಹಾಲ್ಕುರಿಕೆ ಕಡೆ. ತೆಂಗಿನ ತೋಟದ ಮನೆ. ಮರದಿಂದ ಇಳಿದದ್ದು ಅಂದ್ರೆ ಎಳನೀರು ಒಂದೇ, ಬೇರೆ ಹನಿ ಹೊಸಿಲು ದಾಟಿ ಒಳಗೆ ಬಂದಿಲ್ಲ. ಅಂಥ ಮನೆ ಮಗ ಬಿ.ಎಸ್ಸಿ. ಸೆಕೆಂಡ್ ಕ್ಲಾಸ್ ಪಾಸಾಗಿ ಹೆಂಡದ ಕೆಲಸಕ್ಕೆ ಸೇರಿದ್ದು ನಮ್ಮಮ್ಮನಿಗೆ ನುಂಗಲಾರದ ತುತ್ತು. ಯಾರಾದ್ರೂ ಕೇಳಿದ್ರೆ, "ನೀರಿನ ಪರೀಕ್ಷೆ ಮಾಡ್ತಾನೆ ಕಣ್ರೀ" ಅಂತಿದ್ಲು. ಒಂದು ಕಡೆ ಹೆಣ್ಣು ನೋಡೋಕೆ ಹೋದಾಗ ಹುಡುಗಿ ಅಪ್ಪ "ಏನಪ್ಪ, ಕುಡಿಯೋ ಚಟ ಗಿಟ?" ಅಂದ. ನಾನು ಸತ್ಯವಂತ ನೋಡಿ, "ಆಫೀಸ್ ಟೈಮಲ್ಲಿ ಮಾತ್ರ" ಅಂದೆ. ಉಪ್ಪಿಟ್ಟು ಬರೋ ಮೊದಲೇ ನಾವು ಎದ್ದು ಬಂದ್ವಿ.

ನಮ್ಮ ಮೇಲಧಿಕಾರಿ ನಾಗಭೂಷಣ ಸಾಹೇಬರು. ಫ್ರಾನ್ಸಿಗೆ ಹೋಗಿ ಆರು ತಿಂಗಳು ವೈನ್ ರುಚಿ ನೋಡೋದು ಕಲ್ತು ಬಂದಿದ್ರು. ಉದ್ದ ಕಾಲಿನ ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟುಕೊಂಡು, ತಿರುಗಿಸಿ, ಮೂಗು ಇಳಿಸಿ, ಬಾಯಲ್ಲಿ ಆಡಿಸಿ, ಪಕ್ಕದ ಬೇಸಿನ್ನಿಗೆ ಉಗಿದು ಇಪ್ಪತ್ತಕ್ಕೆ ಮಾರ್ಕ್ಸ್ ಹಾಕೋರು. ಬಣ್ಣಕ್ಕಿಷ್ಟು, ವಾಸನೆಗಿಷ್ಟು, ರುಚಿಗಿಷ್ಟು. ವೈನ್ ಪ್ರಯಾಣ ಮಾಡಿ ಬಂದ್ರೆ ಸುಸ್ತಾಗಿರುತ್ತೆ, ರೆಸ್ಟ್ ಕೊಡಬೇಕು ಅಂತ ಅಲ್ಲಿ ಹೇಳಿಕೊಟ್ಟಿದ್ರಂತೆ. ಹಾಗಾಗಿ ನಮ್ಮ ಹೆಂಡದ ಬಾಟಲಿಗಳಿಗೂ ತಣ್ಣಗಿನ ರೂಮಲ್ಲಿ ಮೂರು ದಿನ ರೆಸ್ಟು. ನನಗೇ ಅಷ್ಟು ರಜೆ ಸಿಕ್ತಿರಲಿಲ್ಲ.

ಹಿಂಗೆ ತಯಾರಾಗೋ ಪಟ್ಟೀಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ನಂಬರ್. ಸತತವಾಗಿ ಮೂರು ಸಲ ಕೊನೆ ನಂಬರ್ ಬಂದ ಅಂಗಡಿಗೆ ಲೈಸೆನ್ಸ್ ರಿನ್ಯೂ ಇಲ್ಲ. ಎರಡು ಸಲದಿಂದ ನಂಬರ್ ಒಂದು, ಮೇನ್ ರೋಡಿನ ಪಕ್ಕದ ಒಂದು ದೊಡ್ಡ ಅಂಗಡಿ. ಊರಿನ ಹೆಸರು ಬೇಡ, ಆ ಊರೋರು ಒಳ್ಳೆಯೋರು. ಎರಡು ಸಲದಿಂದ ಇಪ್ಪತ್ತನಾಲ್ಕು, ಹುಳಿಯಾರಿಂದಾಚೆ ಹಳ್ಳದ ಪಕ್ಕದ ಗುಡಿಸಲಂಗಡಿ. ಹಿಂದಿನೆರಡು ಸಲ ಅಲ್ಲಿಗೆ ಬೇರೊಬ್ಬ ಅಸಿಸ್ಟೆಂಟ್ ಹೋಗಿದ್ದ, ಮೂರನೇ ಸ್ಯಾಂಪಲ್ ತರೋ ಭಾಗ್ಯ ನನ್ನದು.

ಹಿಂದಿನ ದಿನವೇ ಹುಳಿಯಾರಿಗೆ ಹೋಗಿ ಉಳ್ಕೊಂಡು, ಬಾಡಿಗೆ ಸೈಕಲ್ ತುಳ್ಕೊಂಡು ಬೆಳಗ್ಗೆ ಏಳಕ್ಕೆ ಅಲ್ಲಿದ್ದೆ. ಹಳ್ಳದ ಎರಡೂ ದಂಡೆ ಮೇಲೆ ಈಚಲು ಮರ, ನಲವತ್ತು. ಒಂದೊಂದಕ್ಕೂ ಸರ್ಕಾರದ ನಂಬರ್ ಬರೆದಿತ್ತು. ಪುಟ್ಟಯ್ಯ ಅನ್ನೋ ಒಣಕಲು ಮನುಷ್ಯ ಸೊಂಟಕ್ಕೆ ಹಗ್ಗ ಹಾಕ್ಕೊಂಡು ಮರ ಇಳೀತಿದ್ದ. ಕೈಲಿದ್ದ ಮಡಕೆ ಇಸ್ಕೊಂಡಿದ್ದು ಅವನ ಹೆಂಡ್ತಿ ಲಕ್ಕಮ್ಮ. ಮರ ಹತ್ತೋದು ಅವನು, ಅಂಗಡಿ ನೋಡೋದು ಇವಳು, ಲೈಸೆನ್ಸ್ ಇರೋದೂ ಇವಳ ಹೆಸರಲ್ಲೇ.

ನಾನು ಸಾಹೇಬರ ಥರಾನೇ ಸ್ಟೀಲ್ ಲೋಟ ತಿರುಗಿಸ್ದೆ. ಅರ್ಧ ಹೆಂಡ ಅಂಗಿ ಮೇಲೆ ಬಿತ್ತು. ಉಳಿದಿದ್ದನ್ನ ಬಾಯಲ್ಲಿ ಗುಳುಗುಳು ಆಡಿಸಿ ಪಕ್ಕಕ್ಕೆ ಉಗಿದೆ.

"ಯಾಕ್ ಸಾಮಿ, ನೊಣ ಬಿದ್ದಿತ್ತಾ?" ಅಂದ್ಲು ಲಕ್ಕಮ್ಮ.

"ಇಲ್ಲಮ್ಮ, ರೂಲ್ಸು. ನುಂಗೋ ಹಂಗಿಲ್ಲ."

"ಉಗಿಯಕ್ಕೆ ಇಷ್ಟು ದೂರ ಸೈಕಲ್ ತುಳ್ಕಂಡ್ ಬಂದ್ರಾ? ನಿಮ್ಮೂರಲ್ಲಿ ಜಾಗ ಇರ್ಲಿಲ್ವಾ?"

ಕುಡಿಯೋಕೆ ಕೂತಿದ್ದ ನಾಲ್ಕು ಜನ ಮಡಕೆ ಅಲ್ಲಾಡೋ ಹಂಗೆ ನಕ್ಕರು. ಮರ್ಯಾದೆ ಉಳಿಸ್ಕೊಳ್ಳೋಕೆ ಎರಡನೇ ಗುಟುಕು ನುಂಗಿದೆ. ಅಲ್ಲೇ ನಿಂತುಬಿಟ್ಟೆ. ಮೊದಲು ಎಳನೀರಿನ ಸಿಹಿ, ಅದರ ಹಿಂದೇನೇ ನಾಲಿಗೆ ತುದಿ ಚಿವುಟೋ ಸಣ್ಣ ಹುಳಿ, ನುಂಗಿದ ಮೇಲೆ ಹೊಸ ಮಡಕೆ ಮೇಲೆ ನೀರು ಬಿದ್ದಾಗ ಬರುತ್ತಲ್ಲ, ಆ ಘಮ. ಮಿಕ್ಕ ಇಪ್ಪತ್ತಮೂರು ಅಂಗಡಿ ಸುತ್ತಿದ್ದ ನನ್ನ ನಾಲಿಗೆ, ಇದರಂಥದ್ದು ಇನ್ನೊಂದಿಲ್ಲ ಕಣೋ ಅಂತು. ಆದ್ರೆ ಪಟ್ಟೀಲಿ ಅದು ಕೊನೇದು. ಫ್ರಾನ್ಸಿಗೆ ಹೋಗಿ ಬಂದ ನಾಲಿಗೆ ದೊಡ್ಡದೋ, ಹಾಲ್ಕುರಿಕೆ ದಾಟದ ನಾಲಿಗೆ ದೊಡ್ಡದೋ? ಬುಕ್ಕಲ್ಲಿ "ಸಾಧಾರಣ" ಅಂತ ಬರೆದೆ. ನಾನು ಮಾಡಿದ ತಪ್ಪುಗಳಲ್ಲಿ ನಗು ಬರದೇ ಇರೋದು ಅದೊಂದೇ.

ಆಮೇಲೆ ಆರು ಬಾಟಲಿ ತುಂಬಿಸಿ, ರೂಲ್ಸ್ ಪ್ರಕಾರ ಬಿಗಿಯಾಗಿ ಬಿರಡೆ ಜಡಿದು, ದಾರ ಸುತ್ತಿ, ಅರಗು ಹಾಕಿ ಸೀಲ್ ಒತ್ತಿದೆ.

"ಹಂಗೆ ಬಿಗೀಬ್ಯಾಡಿ ಸಾಮಿ, ಅದುಕ್ಕೆ ಉಸ್ರು ಕಟ್ತದೆ. ಬಾಯಿಗೆ ಈಚಲು ನಾರು ತುರುಕ್ತೀನಿ, ತಡೀರಿ" ಅಂದ್ಲು.

"ಇದೆಲ್ಲ ಸೈನ್ಸ್ ಕಣಮ್ಮ" ಅಂದೆ.

ಸೈನ್ಸ್ ಚಿಕ್ಕನಾಯಕನಹಳ್ಳಿ ದಾಟೋವರೆಗೆ ಸುಮ್ಮನಿತ್ತು. ಆಮೇಲೆ ಬಸ್ಸಲ್ಲಿ ನನ್ನ ಸೀಟಿನ ಕೆಳಗೆ ಢಂ ಅಂತು. ಡ್ರೈವರ್ ಟಯರ್ ಹೋಯ್ತು ಅಂತ ಬಸ್ಸು ಪಕ್ಕಕ್ಕೆ ಹಾಕ್ದ. ಎಲ್ಲರೂ ಬಗ್ಗಿ ಚಕ್ರ ನೋಡ್ತಿರೋವಾಗ ಇನ್ನೊಂದು ಢಂ. "ಯಾವನ್ಲಾ ಅದು ಬಾಂಬ್ ತಂದೋನು!" ಅಂತ ಕಂಡಕ್ಟರ್ ಕೂಗಿದ್ದೇ ತಡ, ಕೊಬ್ಬರಿ ಚೀಲ, ಕೋಳಿ, ಜನ ಎಲ್ಲಾ ಒಂದೇ ಬಾಗಿಲಿಂದ ಆಚೆಗೆ. ಮೂರನೇದು ಸಿಡಿದಾಗ ವಾಸನೆ ಬಂತು.

"ಬಾಂಬಲ್ಲ ಕಣ್ರಪ್ಪ, ಹೆಂಡ!"

ನಾನು ಐಡೆಂಟಿಟಿ ಕಾರ್ಡ್ ಎತ್ತಿ ಹಿಡಿದು "ಗಾಬರಿ ಬೇಡಿ, ಸರ್ಕಾರಿ ಹೆಂಡ!" ಅಂತ ಕೂಗಿದೆ.

ಹೆಂಡದಲ್ಲಿ ನೆಂದು ಮುದ್ದೆಯಾಗಿದ್ದ ಒಬ್ಬ ಯಜಮಾನರು ಪಂಚೆ ಹಿಂಡ್ಕೊಳ್ತಾ, "ನಮ್ಮೂರಿಗೆ ಕುಡಿಯೋ ನೀರು ಬುಡ್ರಪ್ಪಾ ಅಂತ ಅರ್ಜಿ ಕೊಟ್ಟಿದ್ವಿ. ಇದುನ್ನ ಬುಟ್ರಾ?" ಅಂದ್ರು.

ನಾಲ್ಕು ಬಾಟಲಿ ಹೋಗಿ ಎರಡು ಉಳಿದವು. ಅವಕ್ಕೂ ಬೆಂಗಳೂರಲ್ಲಿ ಮೂರು ದಿನ ರೆಸ್ಟ್ ಆಯ್ತು. ಸಾಹೇಬರು ಉಗಿದ ರಭಸಕ್ಕೇ ಗೊತ್ತಾಯ್ತು. ಇಪ್ಪತ್ತಕ್ಕೆ ಎರಡು. ಷರಾ: ವಿನೆಗರ್. ಮೇನ್ ರೋಡ್ ಅಂಗಡಿಗೆ ಹದಿನೇಳು.

ಮಾರನೇ ದಿನ ನನ್ನ ಕೈಗೆ ನೋಟಿಸ್ ಕೊಟ್ಟು ಲಕ್ಕಮ್ಮನಿಗೆ ಮುಟ್ಟಿಸೋಕೆ ಹೇಳಿದ್ರು. ಜೊತೆಗೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ಒಳ್ಳೆ ಹೆಂಡ ಹೆಂಗಿರುತ್ತೆ ಅಂತ ಆಯಮ್ಮನಿಗೆ ತಿಳಿಸಿಕೊಡೋಣ ಅಂತ ಮೇನ್ ರೋಡ್ ಅಂಗಡಿದೊಂದು ಬಾಟಲಿ ಚೀಲಕ್ಕೆ ಹಾಕ್ಕೊಂಡೆ.

ಹಿಂದಿನ ಥರಾನೇ ಬೆಳಗ್ಗೆ ಹೋಗಿ ನೋಟಿಸ್ ಓದಿ ಹೇಳಿದೆ. ಮಡಕೆ ತೊಳೀತಿದ್ದ ಲಕ್ಕಮ್ಮನ ಕೈ ಹಂಗೇ ನಿಂತಿತು. ಪುಟ್ಟಯ್ಯ ಮರದ ಬುಡದಲ್ಲಿ ಕೂತ.

"ನಾಳೆಯಿಂದ ನಾನು ಮರ ಹತ್ತಿದ್ರೆ ಕಳ್ಳ ಅನ್ನಿ" ಅಂದ.

"ನಾಳೆಯಿಂದಲ್ಲ, ಮುಂದಿನ ತಿಂಗಳಿಂದ" ಅಂದೆ ನಾನು. ಸಮಾಧಾನ ಮಾಡೋದರಲ್ಲಿ ನನ್ನ ಕೈ ಅಂಥದ್ದು. ಅವರಿಗೆ ತೋಟ ಇಲ್ಲ, ಹೊಲ ಇಲ್ಲ. ಹಳ್ಳದ ಆ ನಲವತ್ತು ಮರಾನೇ ಬದುಕು. ಲೈಸೆನ್ಸ್ ಇಲ್ಲದೆ ಅದರಲ್ಲಿ ಒಂದನ್ನ ಮುಟ್ಟಿದ್ರೂ ಕೇಸು.

ಚೀಲದಿಂದ ಆ ಬಾಟಲಿ ತೆಗೆದು ಮುಂದಿಟ್ಟೆ. "ನೋಡಮ್ಮ, ನಂಬರ್ ಒನ್ ಬಂದಿರೋದು ಇದು."

ಲಕ್ಕಮ್ಮ ಬಿರಡೆ ಕಿತ್ತು ಮೂಸಿ ನೋಡಿದ್ಲು. ಒಂದು ಹನಿ ನಾಲಿಗೆಗೆ ಹಾಕ್ಕೊಂಡ್ಲು. "ಯಾವತ್ತು ಇಳಿಸಿದ್ದು ಇದು?"

"ಆರು ದಿನ ಆಯ್ತು. ನೋಡಿ, ಇನ್ನೂ ಹೆಂಗಿದೆ! ಅದಕ್ಕೇ ಅದು ನಂಬರ್ ಒನ್."

ಆಗ ನಕ್ಕಳು ನೋಡಿ, ಅಷ್ಟು ಕಷ್ಟದಲ್ಲೂ. "ಆರು ದಿನದ ಮ್ಯಾಲೂ ಸೀ ಅದೆ ಅಂದ್ರೆ ಇದು ಹೆಂಡ ಅಲ್ಲ ಕಣಪ್ಪ, ಹೆಂಡದ ಫೋಟೋ. ನಂದು ಬೆಳಗಿನ ಜಾವ ಹಾಲಿನಂಗಿರ್ತದೆ, ಬಿಸ್ಲೇರ್ತಿದ್ದಂಗೆ ಏರ್ತದೆ, ನಾಳೆಗೆ ಹುಳಿ, ನಾಡಿದ್ದು ಕೈಗೂ ಮುಟ್ಟಂಗಿಲ್ಲ. ಜೀವ ಇರೋದು ಬದಲಾಗಲ್ವಾ? ಕೂತ್ಕ ಇಲ್ಲಿ. ಇವತ್ತು ಏನೂ ಬರೀಬ್ಯಾಡ."

ಸಾಮಿ ಹೋಗಿ ಏಕವಚನಕ್ಕೆ ಇಳಿದಿದ್ದೆ. ಅದು ಬಡ್ತಿ ಅಂತ ಆಮೇಲೆ ಗೊತ್ತಾಯ್ತು. ಅದೇ ತಾನೆ ಇಳಿಸಿದ ಹೆಂಡ ಒಂದು ಕುಡಿಕೆಗೆ, ನನ್ನ ಬಾಟಲಿದು ಇನ್ನೊಂದಕ್ಕೆ ಹಾಕಿ ಗೋಡೆ ಪಕ್ಕ ಇಟ್ಲು. ಮಧ್ಯಾಹ್ನದವರೆಗೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಅವಳದು ನೊರೆ ಉಕ್ಕಿಸ್ಕೊಂಡು ಗುಜುಗುಜು ಮಾತಾಡ್ತಿತ್ತು, ಗಂಟೆಗೊಂದು ರುಚಿ. ನಂದು ಸ್ಕೂಲಲ್ಲಿ ಬೆಂಚ್ ಮೇಲೆ ನಿಲ್ಲಿಸಿದ ಹುಡುಗನ ಹಂಗೆ ಸುಮ್ಮನೆ ಇತ್ತು.

ಅಷ್ಟೊತ್ತಿಗೆ ನನಗೆ ಒಂದು ನೆನಪಾಗಿ ಬೆವರು ಕಿತ್ಕೊಂಡು ಬಂತು. ಹೈಡ್ರೋಮೀಟರ್ ಅಂತ ಒಂದು ಗಾಜಿನ ಕೊಳವೆ ಇದೆ, ಸ್ಯಾಂಪಲ್ ತಗೊಳ್ಳೋವಾಗ ಅದನ್ನ ಬಿಟ್ಟು ಅಂಕಿ ಬರ್ಕೋಬೇಕು. ದ್ರವದಲ್ಲಿ ಸಕ್ಕರೆ ಜಾಸ್ತಿ ಇದ್ರೆ ಮೇಲೆ ತೇಲುತ್ತೆ, ಇಲ್ಲದಿದ್ರೆ ಮುಳುಗುತ್ತೆ. ಮೇನ್ ರೋಡ್ ಅಂಗಡಿ ಹೆಂಡ ಬಾಯಿಗೆ ಪಾಯಸದಷ್ಟು ಸಿಹಿ. ಆದ್ರೆ ಅದರಲ್ಲಿ ಹೈಡ್ರೋಮೀಟರ್ ಬಾವಿ ನೀರಲ್ಲಿ ಮುಳುಗೋ ಹಂಗೆ ಮುಳುಗಿತ್ತು. ಎರಡು ಸಲ. ನಾನೇನು ಮಾಡಿದ್ದೆ? ಮೀಟರ್ ಕೆಟ್ಟಿರಬೇಕು, ನಂಬರ್ ಒನ್ ಅಂಗಡಿ ತಪ್ಪು ಮಾಡುತ್ತಾ ಅಂತ, ಬುಕ್ಕಲ್ಲಿ ಅಂಕಿ "ಸರಿಪಡಿಸಿ" ಬರೆದಿದ್ದೆ! ಸಕ್ಕರೆ ಇಲ್ಲದೆ ಸಿಹಿ ಅಂದ್ರೆ ಸ್ಯಾಕ್ರಿನ್. ಇದನ್ನ ಹೈಸ್ಕೂಲ್ ಹುಡುಗನೂ ಹೇಳ್ತಿದ್ದ.

ಹುಳಿಯಾರು ಪೋಸ್ಟಾಫೀಸಿಗೆ ಸೈಕಲ್ ಓಡಿಸಿ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿದೆ. ಲೈನ್ ಗೊರಗೊರ. "ಸಾರ್, ಹೆಂಡ ಸಾರ್! ಹೆಂಡ!" ಅಂತ ನಾನು ಕಿರುಚ್ತಿದ್ದರೆ ಮನಿಯಾರ್ಡರ್ ಕ್ಯೂ ಪೂರ್ತಿ ನನ್ನ ಕಡೆ ತಿರುಗಿತ್ತು. ಎಲ್ಲಾ ಕೇಳಿಸ್ಕೊಂಡು ಸಾಹೇಬರು ಕೇಳಿದ್ರು, "ಅಂದ್ರೆ ನನ್ನ ಪಟ್ಟಿ ತಪ್ಪು ಅಂತೀಯಾ?"

"ನಾನು ತಪ್ಪು ಸಾರ್. ಹೈಡ್ರೋಮೀಟರ್ ಸರಿ. ಒಂದು ಸಲ ಮರದ ಬುಡಕ್ಕೆ ಬಂದು ನೋಡಿ."

ಸಾಹೇಬರು ಅಂದ್ರು, "ಭಾನುವಾರ ಬರ್ತೀನಿ. ನೀನು ಹೇಳಿದ್ದು ಸುಳ್ಳಾದ್ರೆ ಸೋಮವಾರ ನೀನು ಬರಬೇಡ."

ಭಾನುವಾರ ಇನ್ನೂ ಬಿಸಿಲು ಬೀಳದೇ ಇರೋವಾಗ ಹಳ್ಳದ ಹತ್ತಿರ ಜೀಪು ನಿಂತಿತು. ಸಾಹೇಬರು ಕರ್ಚೀಫಲ್ಲಿ ಸುತ್ತಿದ್ದ ಗಾಜಿನ ಲೋಟ ಬಿಚ್ಚಿದ್ರು. ಪುಟ್ಟಯ್ಯ ಆಗಷ್ಟೇ ಇಳಿಸಿದ ಮಡಕೆ ಬಗ್ಗಿಸಿ ಅದಕ್ಕೆ ಹೆಂಡ ಬಿಟ್ಟ. ಸಾಹೇಬರು ತಿರುಗಿಸಿದ್ರು, ಮೂಸಿದ್ರು, ಬಾಯಿಗೆ ಹಾಕ್ಕೊಂಡ್ರು. ನಾವೆಲ್ಲ ಈಗ ಉಗೀತಾರೆ ಅಂತ ಪಕ್ಕಕ್ಕೆ ಸರಿದ್ವಿ.

ಉಗೀಲಿಲ್ಲ. ನುಂಗಿದ್ರು.

ಏಳಕ್ಕೆ ಒಂದು ಸಲ, ಒಂಬತ್ತಕ್ಕೆ, ಹನ್ನೊಂದಕ್ಕೆ, ಎರಡಕ್ಕೆ. ಪ್ರತಿ ಸಲಾನೂ ಹೈಡ್ರೋಮೀಟರ್ ಒಂದಿಷ್ಟು ಕೆಳಗೆ ಇಳೀತಿತ್ತು, ಸಾಹೇಬರ ಮುಖ ಒಂದಿಷ್ಟು ಮೇಲೆ ಏರ್ತಿತ್ತು. ಕೊನೆಗೆ ನೋಟ್ ಬುಕ್ ಮುಚ್ಚಿ, "ಒಂದೇ ಮಡಕೇಲಿ ನಾಲ್ಕು ವೈನು ಕಣಯ್ಯ. ನಾನು ಇದನ್ನ ಮೂರು ದಿನ ಇಟ್ಟು ಸಾಯಿಸಿ, ಆಮೇಲೆ ಮಾರ್ಕ್ಸ್ ಕೊಡ್ತಿದ್ದೆ" ಅಂದ್ರು.

"ಏನಂತೆ ಸಾಹೇಬ್ರು?" ಅಂತ ಲಕ್ಕಮ್ಮ ನನ್ನ ಪಿಸುಗುಟ್ಟಿ ಕೇಳಿದ್ಲು.

"ಹೊತ್ತಿಗೊಂದು ರುಚಿ ಅಂತೆ."

"ಅದುಕ್ಕೆ ಬೆಂಗ್ಳೂರಿಂದ ಬರ್ಬೇಕಿತ್ತಾ?"

ವಾಪಸ್ ಹೋಗ್ತಾ ಮೇನ್ ರೋಡ್ ಅಂಗಡೀಲಿ ಜೀಪು ನಿಲ್ಲಿಸಿ ಅಲ್ಲೇ ಮೀಟರ್ ಬಿಟ್ವಿ. ಮುಳುಗಿತು. ಸ್ಯಾಂಪಲ್ ಲ್ಯಾಬಲ್ಲಿ ನೋಡಿದಾಗ ಸ್ಯಾಕ್ರಿನ್ ಜೊತೆ ಅಮಲಿಗೆ ಅಂತ ಬೆರೆಸಿದ್ದ ನಿದ್ದೆ ಪುಡೀನೂ ಸಿಕ್ತು. ಆ ಅಂಗಡಿಗೆ ಬೀಗ ಬಿತ್ತು. ನಮ್ಮ ರೂಲ್ಸೂ ಬದಲಾಯ್ತು: ಹೆಂಡ ಇಳಿಸಿದ ಜಾಗದಲ್ಲೇ, ಇಳಿಸಿದ ಹೊತ್ತಿಗೇ ಪರೀಕ್ಷೆ. ಆ ರೂಲ್ಸಿನ ಡ್ರಾಫ್ಟ್ ಬರೆದಿದ್ದು ನಾನು. ಇದನ್ನ ಮಾತ್ರ ಜಂಬದಿಂದಲೇ ಹೇಳ್ತೀನಿ, ಬೇಕಿದ್ರೆ ಇನ್ನೊಂದು ಸಲ ಹೇಳ್ತೀನಿ. ಸೋಮವಾರ ನಾನು ಕೆಲಸಕ್ಕೆ ಹೋದೆ. ಆ ಸೋಮವಾರದಿಂದ ಇವತ್ತಿನವರೆಗೂ ಹೋಗ್ತಾನೇ ಇದೀನಿ, ಈಗ ಪರ್ಮನೆಂಟು.

ಮೂರು ತಾಲ್ಲೂಕನ್ನೂ ಹೊಸದಾಗಿ ಸುತ್ತಿ ಪಟ್ಟಿ ಮಾಡಿದ್ವಿ. ಸಾಹೇಬರು ಸೈನ್ ಹಾಕೋ ಮುಂಚೆ, ಸಿಹಿ ಸುದ್ದಿ ನಾನೇ ಹೇಳಬೇಕು ಅಂತ ಹಳ್ಳದ ಅಂಗಡಿಗೆ ಓಡಿದೆ.

"ಲೈಸೆನ್ಸ್ ಉಳೀತು! ಅಷ್ಟೇ ಅಲ್ಲಮ್ಮ, ಈ ಸಲ ನೀನೇ ನಂಬರ್ ಒಂದು!"

ಲೈಸೆನ್ಸ್ ಅಂದಾಗ ಪುಟ್ಟಯ್ಯ ಮರಕ್ಕೆ ಕೈ ಮುಗಿದ. ನಂಬರ್ ಅಂದಾಗ ಲಕ್ಕಮ್ಮ ಮುಖ ಸಣ್ಣಗೆ ಮಾಡಿದ್ಲು.

"ಅಯ್ಯೋ, ಬ್ಯಾಡ ಕಣಪ್ಪ."

"ಯಾಕಮ್ಮ?"

"ನಂಬ್ರ ಒಂದು ಅಂದ್ರೆ ತುಮ್ಕೂರಿಂದ ಬತ್ತಾರೆ, ಬೆಂಗ್ಳೂರಿಂದ ಬತ್ತಾರೆ. ಇರಾದು ನಲವತ್ತು ಮರ. ಬಂದೋರ್ಗೆ ಇಲ್ಲ ಅನ್ನಕ್ಕಾಯ್ತದಾ? ಮೊದ್ಲು ಒಂದು ಚೊಂಬು ನೀರು ಬೆರುಸ್ತೀನಿ. ಆಮ್ಯಾಕೆ ಎಲ್ಡು. ಆಮ್ಯಾಕೆ ಆ ರೋಡಿನ ಅಂಗ್ಡಿಯೋನೇ ನಾನಾಯ್ತೀನಿ. ಅವ್ನೂ ಮೊದ್ಲು ಒಳ್ಳೇದೇ ಮಾರ್ತಿದ್ದ ಕಣಪ್ಪ, ನಂಗೊತ್ತು. ಕೊನೇಗೆ ಹಾಕ್ಬ್ಯಾಡ, ಅಷ್ಟು ಮಾಡು. ಮ್ಯಾಲಕ್ಕೂ ಬ್ಯಾಡ. ಎಲ್ಲಾದ್ರೂ ಜನದ ಮಧ್ಯ ಕೂರ್ಸು."

ವಾರ ಕಳೆದು ಸಾಹೇಬರ ಮುಂದೆ ಪಟ್ಟಿ ಇಟ್ಟೆ. ಅವರ ಬೆರಳು ಮೇಲಿಂದ ಇಳೀತಾ ಇಳೀತಾ ಒಂದು ಕಡೆ ನಿಂತಿತು.

"ಹನ್ನೊಂದಾ? ಯಾಕಯ್ಯಾ?"

"ಅವರೇ ಕೇಳಿದ್ದು ಸಾರ್. ಒಂದಾದ್ರೆ ನೀರು ಬೆರೆಸಬೇಕಾಗುತ್ತಂತೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದ್ರು, ಮತ್ತೆ ಹಾಕ್ಕೊಂಡ್ರು. ನನ್ನ ಕೆಲಸಕ್ಕೆ ಇವತ್ತು ಕುತ್ತು ಬಂತು ಅಂದುಕೊಂಡೆ. "ಬೆಳಗ್ಗೆ ಎಷ್ಟು ಹೊತ್ತಿಗೆ ಹೋದ್ರೆ ಸಿಗುತ್ತೆ?" ಅಂದ್ರು. "ಏಳಕ್ಕೆ ಸಾರ್" ಅಂದೆ. ಸೈನ್ ಹಾಕಿದ್ರು.

ನನ್ನ ಸರ್ವೀಸಲ್ಲಿ ನಾನು ಬರೆದ ಅತಿ ಒಳ್ಳೆ ರಿಪೋರ್ಟಲ್ಲಿ ಅತಿ ಒಳ್ಳೆ ಹೆಂಡಕ್ಕೆ ಹನ್ನೊಂದನೇ ಜಾಗ. ಅಂಕಿ ಸರಿಪಡಿಸೋದು ನನಗೆ ಅಭ್ಯಾಸ ಇತ್ತು ಅನ್ನಿ, ಆದ್ರೆ ಈ ಸಲ ಯಾಕೆ ಸರಿಪಡಿಸ್ತಿದೀನಿ ಅನ್ನೋದು ಗೊತ್ತಿತ್ತು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಈಗ ಹೋಟೆಲಿರಲಿ, ಮಾವಿನಹಣ್ಣಿರಲಿ, ಯಾರು ಯಾವ ಪಟ್ಟಿ ಕೊಟ್ರೂ ನಾನು ಓದೋಕೆ ಶುರು ಮಾಡೋದು ಮಧ್ಯದಿಂದ.