ಕುಚಲಕ್ಕಿ ಗಂಜಿಯ ಪಿನ್ಯಾತಾ

ಮೆಕ್ಸಿಕೋ ನನಗಿರಲಿ ಎಂದು ಕೈ ಎತ್ತಿದವಳು ನಾನೇ. ಯಾರೂ ನನ್ನ ಕೊರಳಿಗೆ ಕಟ್ಟಿದ್ದಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಸೌದಿಯ ಜುಬೈಲಿನ ನಮ್ಮ ಶಾಲೆಯಲ್ಲಿ ಹತ್ತಾರು ದೇಶಗಳ ಮಕ್ಕಳಿದ್ದರು. ಅಪ್ಪಂದಿರೆಲ್ಲ ಪೆಟ್ರೋಕೆಮಿಕಲ್ ಕಾರ್ಖಾನೆಗಳಲ್ಲಿ ದುಡಿಯುವವರು. ವರ್ಷಕ್ಕೊಮ್ಮೆ, ದೊಡ್ಡ ರಜೆಗೆ ಮೊದಲು, ಶಾಲೆಯಲ್ಲಿ ‘ದೇಶಗಳ ವಾರ’ ನಡೆಯುತ್ತಿತ್ತು; ಒಂದೊಂದು ತರಗತಿಗೆ ಒಂದೊಂದು ದೇಶ. ನಾನು ಎರಡನೆಯ ತರಗತಿಯ ಟೀಚರು, ಉಡುಪಿ ಕಡೆಯವಳು. ಹಾಗಾಗಿ ಇಂಡಿಯಾ ನನ್ನದೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಅದೂ ಸುಲಭವೇ. ನಾಲ್ಕು ಸೀರೆ ನೇತುಹಾಕಿ ಲಾಡು ಹಂಚಿದರೆ ಮುಗಿಯಿತು.

ನಾನು ಮೆಕ್ಸಿಕೋ ಎಂದಾಗ ಪ್ರಿನ್ಸಿಪಾಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಲಖನೌ ಕಡೆಯ ಹೆಂಗಸು, ಬಹಳ ಬಿಗಿ.

“ಟೀಚರ್‌ಜೀ, ನೀವು ಮೆಕ್ಸಿಕೋ ನೋಡಿದ್ದೀರಾ?”

“ಮೊನ್ನೆ ಚಂದ್ರನ ಪಾಠ ಮಾಡಿದೆ ಮೇಡಂ. ಅಲ್ಲಿಗೆ ಹೋಗಿ ಬಂದು ಮಾಡಿದ್ದಾ?”

ಸ್ಟಾಫ್ ರೂಮಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರು ನಗಲಿಲ್ಲ. ಆದರೆ ಮೆಕ್ಸಿಕೋ ನನಗೇ ಸಿಕ್ಕಿತು.

ನನ್ನ ಹಟಕ್ಕೆ ಕಾರಣ ಕಿಟಕಿ ಪಕ್ಕದ ಬೆಂಚಿನ ಒಬ್ಬಳು ಹುಡುಗಿ. ಮೆಕ್ಸಿಕೋದವಳು, ಏಳು ವರ್ಷ. ಶಾಲೆಗೆ ಸೇರಿ ತಿಂಗಳುಗಳಾದರೂ ಜಪ್ಪಯ್ಯ ಅಂದರೂ ಬಾಯಿ ಬಿಟ್ಟಿರಲಿಲ್ಲ. ಬಂದ ದಿನ ಮಾತ್ರ, ಊರು ಕೇಳಿದಾಗ, “ಮೆಕ್ಸಿಕೋ” ಎಂದಿದ್ದಳು. ಮುಂದಿನ ಬೆಂಚಿನವನೊಬ್ಬ “ಅಂಥ ದೇಶವೇ ಇಲ್ಲ, ಅದು ಅಮೆರಿಕದ ಒಂದು ಊರು” ಎಂದು ತೀರ್ಪು ಕೊಟ್ಟ. ಇಡೀ ತರಗತಿ ನಕ್ಕಿತು. ನಾನು ಅವನಿಗೆ ಭೂಪಟ ತೋರಿಸಿ ಬೈದೆ, ನಿಜ. ಆದರೆ ಹುಡುಗಿಯ ಬಾಯಿಗೆ ಬಿದ್ದ ಬೀಗ ತೆರೆಯಲಿಲ್ಲ.

ಒಂದು ಮಧ್ಯಾಹ್ನ ಅವಳ ತಾಯಿ ಗೇಟಿನ ಬಳಿ ನನ್ನನ್ನು ಹಿಡಿದು ನಿಲ್ಲಿಸಿದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷು ಒಂದು ಹಿಡಿ. “ರಜೆಗೆ ಊರು. ಮಗಳು ಇಲ್ಲಿ ಮಾತಿಲ್ಲ. ಹೀಗೇ ಆದರೆ ಮತ್ತೆ ಬರುವುದಿಲ್ಲ. ಇವಳ ಅಪ್ಪ ಒಬ್ಬನೇ ಇರುತ್ತಾನೆ.” ಅಷ್ಟು ಹೇಳಿ ಕಪ್ಪು ನಿಲುವಂಗಿ ಅಬಾಯದ ತೋಳಿನಿಂದ ಮೂಗು ಒರೆಸಿಕೊಂಡಳು. ಸಂಸಾರ ಊರಲ್ಲಿ, ತಾವು ಇಲ್ಲಿ ಎಂದು ಬದುಕುವ ಗಂಡಸರ ಮುಖಗಳನ್ನು ನಾನು ದಿನಾ ಕಂಪನಿ ಬಸ್ಸಿನ ಕಿಟಕಿಗಳಲ್ಲಿ ನೋಡುತ್ತಿದ್ದೆ. ಒಂದು ಮಗು ಮಾತಾಡಲಿಲ್ಲ ಎಂದು ಇನ್ನೊಂದು ಮನೆ ಹಾಗಾಗುವುದೇ? ನನ್ನ ತರಗತಿಯಿಂದ?

ದೇಶಗಳ ವಾರದ ಮೊದಲ ದಿನ ಮಕ್ಕಳಿಗೆಲ್ಲ ಟಿಫಿನ್ ತೆರೆಯಲು ಹೇಳಿದೆ. “ಈಗ ನಾನು ಹೇಳಿದ್ದನ್ನೆಲ್ಲ ತೆಗೆದು ಈ ತಟ್ಟೆಗೆ ಹಾಕಿ” ಎಂದು ಒಂದು ದೊಡ್ಡ ತಟ್ಟೆಯನ್ನು ಆ ಹುಡುಗಿಯ ಮುಂದಿಟ್ಟೆ. ಟೊಮೆಟೊ ತೆಗೆಯಿರಿ, ಹಸಿಮೆಣಸು ತೆಗೆಯಿರಿ, ಮೆಕ್ಕೆಜೋಳದ ಪಾಪ್‌ಕಾರ್ನ್, ಚಾಕೊಲೇಟು, ಎಲ್ಲ ತೆಗೆಯಿರಿ. ಈಜಿಪ್ಟಿನವಳ ಸ್ಯಾಂಡ್‌ವಿಚ್ಚಿನಲ್ಲಿ ಬರೀ ಬ್ರೆಡ್ಡು ಉಳಿಯಿತು. ನನ್ನ ಚಟ್ನಿಯಿಂದ ಮೆಣಸು ತೆಗೆಯುವುದಾದರೂ ಹೇಗೆ, ಅದು ಡಬ್ಬಿ ಸಮೇತ ತಟ್ಟೆಗೆ ಹೋಯಿತು. ಅಂಥ ದೇಶವೇ ಇಲ್ಲ ಎಂದಿದ್ದವನು ಚಾಕೊಲೇಟನ್ನು ಮುಷ್ಟಿಯಲ್ಲಿ ಹಿಡಿದು ಅಳುವ ಹಾಗಾದ.

“ಇದನ್ನೆಲ್ಲ ಮೊದಲು ಬೆಳೆಸಿ, ತಿಂದು, ಲೋಕಕ್ಕೆ ಕೊಟ್ಟದ್ದು ಇವಳ ಊರಿನ ಕಡೆಯ ಹಿರಿಯರು. ಅವರು ಕೊಡದಿದ್ದರೆ ನಮ್ಮ ಊಟಕ್ಕೆ ರುಚಿಯೇ ಇಲ್ಲ” ಎಂದೆ.

ಮಕ್ಕಳೆಲ್ಲ ಅವಳನ್ನು ನೋಡಿದರು. ಈ ಸಲ ಯಾರೂ ನಗಲಿಲ್ಲ. ಅವಳು ತಟ್ಟೆಯಿಂದ ಒಂದು ಹಸಿಮೆಣಸು ಎತ್ತಿ, ಮೂಸಿ, ಕಟಕ್ಕೆಂದು ಕಚ್ಚಿ ತಿಂದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ! ಹುಡುಗರು ಬೆರಗಾದರು. ಆದರೂ ಮಾತು ಬರಲಿಲ್ಲ.

ಕೊನೆಯ ದಿನಕ್ಕೆಂದು ಪಿನ್ಯಾತಾ ಯೋಚಿಸಿದ್ದೆ. ಲೈಬ್ರರಿಯ ಪುಸ್ತಕದಲ್ಲಿ ಚಿತ್ರವಿತ್ತು. ಮಿಠಾಯಿ ತುಂಬಿ ಬಣ್ಣದ ಕಾಗದ ಸುತ್ತಿದ ಗಡಿಗೆಯನ್ನು ಹಗ್ಗದಲ್ಲಿ ತೂಗುಹಾಕುತ್ತಾರೆ. ಕಣ್ಣು ಕಟ್ಟಿದ ಮಕ್ಕಳು ಅದನ್ನು ಕೋಲಿನಿಂದ ಹೊಡೆದು ಒಡೆಯುತ್ತಾರೆ. ಅಯ್ಯೋ, ಇದು ನಮ್ಮ ಅಷ್ಟಮಿಯ ಮೊಸರು ಕುಡಿಕೆಯ ನೆಂಟನೇ ಎಂದುಕೊಂಡೆ. ಮಡಕೆಯ ಚೂರು ಮಕ್ಕಳ ತಲೆಗೆ ಬೀಳಬಾರದೆಂದು ಬಲೂನಿನ ಮೇಲೆ ಬರೀ ಕಾಗದ ಅಂಟಿಸಿ ಮಾಡಲು ಹೊರಟೆ. ಅಂಟು? ನಮ್ಮ ಕಡೆ ದೀಪಾವಳಿಯ ಗೂಡುದೀಪಕ್ಕೆ ಕಾಗದ ಹಚ್ಚುವುದು ಅನ್ನದ ಗಂಜಿಯಿಂದ. ಊರಿಂದ ತಂದ ಕುಚಲಕ್ಕಿಯನ್ನೇ ಬೇಯಿಸಿ ಅರೆದೆ. ಗೂಡುದೀಪ ಗಾಳಿಗೆ ಹರಿಯಬಾರದು ಎಂದು ಅಜ್ಜಿ ಕಲಿಸಿದಂತೆ, ಪದರದ ಮೇಲೆ ಪದರ ಹಚ್ಚಿದೆ. ಮಿಠಾಯಿ ತುಂಬುವ ಬಾಯಿಯನ್ನು ಮಾತ್ರ ಆಮೇಲೆ ತೆಳುವಾಗಿ ಮುಚ್ಚುವುದೆಂದು ಬಿಟ್ಟೆ. ಸಂಜೆ ಕೆಲಸದಿಂದ ಬಂದ ಗಂಡ ಅಡುಗೆಮನೆಗೆ ಇಣುಕಿದರು.

“ಎಂತ ಮಾರಾಯ್ತಿ, ಊಟದ ಅಕ್ಕಿಯೆಲ್ಲ ಬಲೂನಿಗೆ ಬಳಿದು ನನಗೆ ಖುಬ್ಬೂಸ್ ತಿನ್ನಿಸ್ತೀಯಾ?”

“ಒಂದು ದಿನ ರೊಟ್ಟಿ ತಿಂದ್ರೆ ಸಾಯುದಿಲ್ಲ. ಆ ಕೆಂಪು ಕಾಗದ ಕತ್ತರಿಸಿ ಕೊಡಿ, ಯಲ್ಲಾ, ಬೇಗ!”

ಗೊಣಗುತ್ತಲೇ ಕತ್ತರಿಸಿ ಕೊಟ್ಟರು.

ಕೊನೆಯ ದಿನ ಶಾಲೆಯ ಸಭಾಂಗಣದಲ್ಲಿ ತಾಯಂದಿರೆಲ್ಲ ಕೂತಿದ್ದರು. ನನ್ನ ಪಿನ್ಯಾತಾ ಕೆಂಪು, ಹಸಿರು, ಬಿಳಿಯಾಗಿ ಮೆರೆಯುತ್ತಿತ್ತು. ಮೊದಲ ಮಗು ಹೊಡೆಯಿತು. ಟಪ್. ಎರಡನೆಯದು ಹೊಡೆಯಿತು. ಟಪ್. ದೊಡ್ಡ ತರಗತಿಯ ಗಟ್ಟಿಮುಟ್ಟು ಹುಡುಗರನ್ನು ಕರೆದರೂ ಅದು ಜಗ್ಗಲಿಲ್ಲ. ಮರುಭೂಮಿಯ ಒಣ ಹವೆಗೆ ಒಣಗಿದ ಕುಚಲಕ್ಕಿ ಗಂಜಿ ಕಲ್ಲಾಗಿತ್ತು. ಕೋಲೇ ಮುರಿಯಿತು! ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು.

ಆಗ ಹಿಂದಿನ ಸಾಲಿನಿಂದ ಒಂದು ಕಿರುಚು.

“ಟೀಚರ್! ನೀವು ಮಾಡಿದ್ದು ತಪ್ಪು! ಪೂರ್ತಿ ತಪ್ಪು!”

ಅವಳೇ. ಬೆಂಚಿನಿಂದ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು. “ಇಷ್ಟು ಕಾಗದ ಯಾರು ಹಾಕ್ತಾರೆ? ಇದು ಒಡೀಲಿಕ್ಕೆ ಮಾಡೋದು, ಇಟ್ಕೊಳ್ಳಿಕ್ಕಲ್ಲ! ನನ್ನ ಅಜ್ಜಿ ನೋಡಿದ್ರೆ ನಗ್ತಾಳೆ. ಮತ್ತೆ ಹಗ್ಗ ಸುಮ್ಮನೆ ಕಟ್ಟಿ ಬಿಡೋದಾ? ಯಾರಾದ್ರೂ ಎಳೀತಾ ಇರ್ಬೇಕು! ಮತ್ತೆ ಎಲ್ಲರೂ ಕೂಗ್ಬೇಕು!” ಇಂಗ್ಲಿಷು, ಅವಳ ಭಾಷೆ, ಎರಡೂ ಕಲಸಿ ಧಾರಾಕಾರ ಬೈಗುಳ. ಇಷ್ಟು ತಿಂಗಳು ಕೂಡಿಟ್ಟದ್ದೆಲ್ಲ ನನ್ನ ತಲೆಯ ಮೇಲೆ ಸುರಿಯಿತು.

ಅವಳ ತಾಯಿ ಎದ್ದು ನಿಂತು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ನನ್ನ ಜೀವಮಾನದಲ್ಲಿ ನೂರಾರು ಜನರೆದುರು ಹಾಗೆ ಬೈಸಿಕೊಂಡದ್ದು ಅದೊಂದೇ ಸಲ. ಅಷ್ಟು ಹೆಮ್ಮೆಪಟ್ಟದ್ದೂ ಅದೇ ಸಲ.

“ಹಾಗಾದ್ರೆ ನೀನೇ ಹೇಳು, ಏನು ಮಾಡುದು?” ಎಂದೆ.

ಅವಳು ಹೇಳಿದಳು. ಹಗ್ಗ ಬಿಚ್ಚಿಸಿ ಅಮ್ಮನ ಕೈಗೆ ಕೊಟ್ಟಳು. ಮಕ್ಕಳನ್ನು ಸುತ್ತ ನಿಲ್ಲಿಸಿ ಕೂಗಲು ಕಲಿಸಿದಳು. ಅಂಥ ದೇಶವೇ ಇಲ್ಲ ಎಂದಿದ್ದವನಿಗೆ ಕಣ್ಣು ಕಟ್ಟಿ, ಕೈಗೆ ಇನ್ನೊಂದು ಕೋಲು ಕೊಟ್ಟು, “ಬಾಯಿಯ ಹತ್ತಿರ ಹೊಡಿ, ಮಿಠಾಯಿ ತುಂಬಿದ ಕಡೆ!” ಎಂದು ಆಜ್ಞಾಪಿಸಿದಳು. ಅಮ್ಮ ನಗುತ್ತಾ, ಅಳುತ್ತಾ ಹಗ್ಗ ಜಗ್ಗಿದಳು. ಗಂಜಿ ತೆಳುವಾಗಿದ್ದದ್ದು ಅಲ್ಲೊಂದೇ ಕಡೆ, ಕೊನೆಗೂ ಬಿರಿಯಿತು. ಚಾಕೊಲೇಟು, ಖರ್ಜೂರ ಎಲ್ಲ ಸುರಿದವು. ಪ್ರಿನ್ಸಿಪಾಲರ ಕಾಲಬಳಿಯೂ ಒಂದು ಬಿತ್ತು. ಅವರು ಬಗ್ಗಿ ಎತ್ತಿಕೊಂಡು ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ರಜೆ ಬಂತು. ಆ ತಾಯಿ ಮಗಳು ಊರಿಗೆ ಹೋದರು. ಮತ್ತೆ ಬರುತ್ತೇವೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಉಡುಪಿಯಲ್ಲಿ ಅಮ್ಮನ ಮನೆಯಲ್ಲಿ ಗಂಜಿ ಉಣ್ಣುವಾಗೆಲ್ಲ ನನಗೆ ಅದೇ ಚಿಂತೆ.

ಶಾಲೆ ಮತ್ತೆ ತೆರೆದ ದಿನ ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದೆ. ಬಸ್ಸುಗಳು ಒಂದೊಂದಾಗಿ ಬಂದವು. ಕೊನೆಯ ಬಸ್ಸಿನಿಂದ ಅವಳು ಇಳಿದಳು. ಮುಂಬದಿಯ ಒಂದು ಹಲ್ಲು ಬಿದ್ದಿತ್ತು. ಬಗಲಲ್ಲಿ ಬಣ್ಣದ ತೆಳು ಕಾಗದದ ದೊಡ್ಡ ಸುರುಳಿ. ನಮಸ್ಕಾರವಿಲ್ಲ, ಗುಡ್ ಮಾರ್ನಿಂಗ್ ಇಲ್ಲ. ನೇರ ನನ್ನೆದುರು ಬಂದು ನಿಂತಳು.

“ಅಜ್ಜಿ ಕಳಿಸಿದ್ದು. ಈ ವರ್ಷ ನಾನು ಮಾಡ್ತೇನೆ. ನೀವು ಗಂಜಿ ಮುಟ್ಟಬೇಡಿ.”